ಕುಳಿತಾಗ 128, ನಿಂತಾಗ 102: ತೋಳಿಗೆ ಕಟ್ಟುವ ಬಿ.ಪಿ. ಯಂತ್ರದ ಆರು ತಿಂಗಳ ಬಳಕೆ

ಮುಂಬಯಿಯ ಮಾಟುಂಗಾದ ನಮ್ಮ ಮನೆಯಲ್ಲಿ 72 ವರ್ಷದ ಅಪ್ಪ ಕಳೆದ ಏಪ್ರಿಲಿನ ಸೆಕೆಯಲ್ಲಿ ಎರಡು ಸಲ, ಬೆಳಗಿನ ಬಿ.ಪಿ. ಮಾತ್ರೆ ತೆಗೆದುಕೊಂಡು ಪೂಜೆಗೆ ಕುಳಿತವರು ಏಳುವಾಗ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದು ನಿಂತರು. ಆ ಗಾಬರಿಯಲ್ಲಿಯೇ ಬಡಾವಣೆಯ ಔಷಧಿ ಅಂಗಡಿಯಿಂದ 2,400 ರೂಪಾಯಿಗೆ ಈ ಡಿಜಿಟಲ್ ಯಂತ್ರವನ್ನು ತಂದೆವು.

ಮೊದಲ ವಾರ ಅದು ನಮ್ಮನ್ನು ದಾರಿ ತಪ್ಪಿಸಿತು. ತಲೆ ಸುತ್ತುತ್ತಿದೆ ಎನ್ನುವವರಿಗೆ ಅದು ದಿನವೂ 138, 140 ಎಂದು ತೋರಿಸುತ್ತಿತ್ತು. ಯಂತ್ರದ ಜೊತೆ ಬಂದ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಹೊಂದುವಂಥದ್ದು. ಅಪ್ಪನ ತೋಳು 34 ಸೆಂ.ಮೀ. ಪಟ್ಟಿ ಚಿಕ್ಕದಾದರೆ ರಕ್ತದೊತ್ತಡ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ದೊಡ್ಡ ಪಟ್ಟಿಯನ್ನು ಬೇರೆಯಾಗಿ ಕೊಂಡ ಮೇಲೆ ಕುಳಿತಾಗಿನ ಅಂಕಿ 128ಕ್ಕೆ ಇಳಿಯಿತು. ಆ ತಪ್ಪು ಅಂಕಿಗಳನ್ನೇ ನಂಬಿದ್ದರೆ, ಮಾತ್ರೆ ಹೆಚ್ಚಾಗಿಯೇ ಬಳಲುತ್ತಿದ್ದವರಿಗೆ ಮತ್ತಷ್ಟು ಮಾತ್ರೆ ಸೇರುತ್ತಿತ್ತೇನೋ ಎಂದು ಈಗಲೂ ಎದೆ ನಡುಗುತ್ತದೆ.

ವೈದ್ಯರು ಹೇಳಿಕೊಟ್ಟಂತೆ ಐದು ನಿಮಿಷ ವಿಶ್ರಮಿಸಿದ ಮೇಲೆ ಒಮ್ಮೆ, ಎದ್ದು ನಿಂತು ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ಅಳೆಯತೊಡಗಿದೆವು. ನಿಂತಾಗ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಅದನ್ನು ಲಕ್ಷ್ಯಕ್ಕೆ ತರಬೇಕೆಂದು ಅವರು ಹೇಳಿದ್ದರು. ಅಪ್ಪನದು 102ಕ್ಕೆ ಬಂದಿತ್ತು. ಎರಡು ವಾರದ ಅಂಕಿಗಳನ್ನು ನೋಡಿದ ಅವರು, ರಕ್ತದೊತ್ತಡ ಇಳಿಸುವ ಟೆಲ್ಮಿಸಾರ್ಟನ್ ಜೊತೆ ಒಂದೇ ಮಾತ್ರೆಯಲ್ಲಿದ್ದ, ಮೂತ್ರ ಹೆಚ್ಚಿಸಿ ದೇಹದ ನೀರು ಮತ್ತು ಉಪ್ಪನ್ನು ಹೊರಹಾಕುವ ಹೈಡ್ರೋಕ್ಲೋರೋಥಯಾಜೈಡ್ ಅನ್ನು ಕೈಬಿಟ್ಟು, ಬರಿಯ ಟೆಲ್ಮಿಸಾರ್ಟನ್ ಬರೆದುಕೊಟ್ಟರು. ಮುಂಬಯಿಯ ಬೆವರಿನ ದಿನಗಳಲ್ಲಿ ಆ ಕೈಬಿಟ್ಟ ಔಷಧಿಯೇ ತೊಂದರೆ ಕೊಟ್ಟಿರಬೇಕೆಂಬುದು ಅವರ ಅಭಿಪ್ರಾಯ. ನಾವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಿರಲಿಲ್ಲ. ಹಾಗೆ ಏಕಾಏಕಿ ಬಿಟ್ಟರೆ ಒತ್ತಡ ಮತ್ತೆ ಏರುವ ಭಯವಿರುತ್ತದೆ.

ಯಂತ್ರದ ಕೊರತೆಗಳೂ ಇವೆ. ಅದು ದಿನಾಂಕ ಮತ್ತು ಸಮಯವನ್ನು ನೆನಪಿಟ್ಟುಕೊಳ್ಳುತ್ತದೆಯೇ ಹೊರತು ಕುಳಿತದ್ದೋ ನಿಂತದ್ದೋ ಎಂಬುದನ್ನಲ್ಲ, ಹಾಗಾಗಿ ನೋಟುಪುಸ್ತಕ ತಪ್ಪಿದ್ದಲ್ಲ. ಪರದೆಗೆ ಬೆಳಕಿಲ್ಲ. ನಿಂತು ಅಳೆಯುವಾಗ ತೋಳನ್ನು ಎದೆಯ ಮಟ್ಟಕ್ಕೆ ಹಿಡಿಯಲು ಇನ್ನೊಬ್ಬರು ಬೇಕು. ವಯಸ್ಸಾದವರು ಬಿದ್ದಾರೆಂಬ ಕಾರಣಕ್ಕೂ ಅದು ಒಳ್ಳೆಯದೇ.

ಈಗ ಅಪ್ಪ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಪಾದಗಳನ್ನು ಆಡಿಸಿ, ಆಮೇಲೆ ಏಳುತ್ತಾರೆ; ನಿಂತಾಗಿನ ಅಂಕಿ 118ರ ಆಸುಪಾಸಿನಲ್ಲಿದೆ. ಈ ಬಗೆಯ ಯಂತ್ರ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಮೇಲ್ದೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.