ಲಾಗ ಹಾಕಿ ಹೊಟ್ಟೆ ಹಿಡಿದಾಗ: ಮಲಗಿದ್ದು ಸರಿಯೋ, ಅಲುಗಾಡಿದ್ದು ಸರಿಯೋ?

ಹಿಂದಕ್ಕೆ ಲಾಗ ಹಾಕುವಾಗ ನನಗೆ ಎರಡು ಸಲ ಹೊಟ್ಟೆಯ ಸ್ನಾಯು ಸೆಳೆದಿದೆ. ಎರಡೂ ಸಲ ಒಂದೇ ಜಾಗ, ಹೊಕ್ಕುಳಿನ ಎಡಕ್ಕೆ ಎರಡು ಬೆರಳು ಆಚೆ. ಅಂಗಾತ ಮಲಗಿ ನೋವಿನ ಜಾಗ ಒತ್ತಿಕೊಂಡು ತಲೆ ಎತ್ತಿದರೆ ನೋವು ಹೆಚ್ಚುತ್ತಿತ್ತು. ಸ್ನಾಯುವಿನದೇ ತೊಂದರೆ ಎನ್ನಲು ಅದೊಂದು ಗುರುತು. ಕೆಮ್ಮಿದಾಗ ಗಂಟು ಉಬ್ಬಿದರೆ, ಜ್ವರ, ವಾಂತಿ ಇದ್ದರೆ ಮನೆಮದ್ದು ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಬೇಕು.

ಮೊದಲ ಸಲ ಹೊಟ್ಟೆಗೆ ಆಸರೆಯ ಬೆಲ್ಟ್ ಬಿಗಿದುಕೊಂಡು ಹತ್ತು ದಿನ ಮಲಗಿದೆ. ಎಂಟನೇ ದಿನಕ್ಕೆ ನೋವು ಮಾಯ. ಖುಷಿಯಾಗಿ ಮ್ಯಾಟ್‌ಗೆ ಹೋಗಿ ಕಾಲು ಎತ್ತಿ ಹಿಡಿದೆನೋ ಇಲ್ಲವೋ, ಅದೇ ಜಾಗ ಮತ್ತೆ ಚುರ್ರೆಂದಿತು. ನೋವು ಹೋಗಿತ್ತು, ಬಲ ಬಂದಿರಲಿಲ್ಲ. ಕೊನೆಗೆ ಏಳು ವಾರ ಹಿಡಿಯಿತು.

ಎರಡನೇ ಸಲ ವಿಶ್ರಾಂತಿ ಎರಡೇ ದಿನ. ಮೂರನೇ ದಿನ ನಿಧಾನ ನಡಿಗೆ. ನಾಲ್ಕನೇ ದಿನ ಮೊಣಕಾಲು ಮಡಚಿ ಮಲಗಿ, ಉಸಿರು ಬಿಡುತ್ತಾ ಹೊಟ್ಟೆ ಒಳಗೆಳೆದು ಹತ್ತು ಸೆಕೆಂಡ್ ಹಿಡಿಯುವುದು. ಆಮೇಲಿನ ವಾರ ಒಂದು ಕೈ, ಎದುರು ಕಾಲು ಚಾಚುವುದು, ಮೂರನೇ ವಾರ ಮೊಣಕೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್. ಹತ್ತರಲ್ಲಿ ಮೂರಕ್ಕಿಂತ ನೋವು ಏರಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮರುದಿನ ಬೆಳಗ್ಗೆ ಜಾಸ್ತಿ ನೋಯುತ್ತಿದ್ದರೆ ಒಂದು ಹೆಜ್ಜೆ ಹಿಂದೆ. ನಾಲ್ಕೂವರೆ ವಾರದಲ್ಲಿ ಎದ್ದೆ. ಈ ಸಲದ ಪೆಟ್ಟೇ ಹಗುರವಿತ್ತೋ ಏನೋ, ಆದರೂ ನನ್ನ ಓಟು ಇದಕ್ಕೇ.

ಐಸೋ ಶಾಖವೋ? ಮೊದಲ ಸಲ ಅಂದೇ ಬಿಸಿನೀರಿನ ಚೀಲ ಇಟ್ಟು ರಾತ್ರಿಯಿಡೀ ಮಿಡಿತ ಅನುಭವಿಸಿದ್ದೆ. ಬಟ್ಟೆ ಸುತ್ತಿದ ಐಸ್ ಹದಿನೈದು ನಿಮಿಷ ಇಟ್ಟರೆ ಜಾಗ ಮರಗಟ್ಟಿ ನಿದ್ದೆ ಬರುತ್ತದೆ, ಅಷ್ಟೇ ಅದರ ಉಪಕಾರ. ವಿಶ್ರಾಂತಿ-ಐಸ್ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ಕ್ರೀಡಾವೈದ್ಯ ಡಾ. ಗೇಬ್ ಮಿರ್ಕಿನ್ ಅವರೇ, ಎರಡೂ ವಾಸಿಯಾಗುವುದನ್ನು ತಡಮಾಡಬಹುದು ಎಂದು 2014ರಲ್ಲಿ ಮಾತು ಬದಲಿಸಿದರು. ಮೂರನೇ ದಿನದ ನಂತರ, ವ್ಯಾಯಾಮಕ್ಕೆ ಮುಂಚೆ ಶಾಖವೇ ಹಿತ.

ಬೆಲ್ಟ್ ಕೆಮ್ಮು-ಸೀನಿಗೆ ಆಸರೆ, ಆದರೆ ದಿಂಬು ಅವುಚಿಕೊಂಡರೂ ಅದೇ ಕೆಲಸ ಆಗುತ್ತದೆ. ನೋವಿನ ಮಾತ್ರೆ ನುಂಗಿ ಅಭ್ಯಾಸಕ್ಕೆ ಇಳಿಯುವುದಂತೂ ಶುದ್ಧ ಹುಚ್ಚು.

ಎಲ್ಲಕ್ಕಿಂತ ಕೆಟ್ಟದ್ದು ಸ್ಟ್ರೆಚಿಂಗ್. ಬಿಗಿಯಿದೆ ಎಂದು ಐದನೇ ದಿನಕ್ಕೇ ಭುಜಂಗಾಸನದಲ್ಲಿ ಎದೆ ಎತ್ತಿದ್ದೆ. ಹರಿದ ಎಳೆಗಳನ್ನು ನಾನೇ ಕೈಯಾರೆ ಎಳೆದಂತಾಯಿತು. ಹಾಸಿಗೆಯಿಂದ ನೆಟ್ಟಗೆ ಏಳುವುದೂ ಅದೇ ಜಾತಿ. ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕು.

ಲಾಗಕ್ಕೆ ಮರಳುವಾಗ ಮೊದಲು ಮುಂದಕ್ಕೆ ಉರುಳಿದೆ, ವಾರದ ಮೇಲೆ ಕೈಯೂರಿ ಪಕ್ಕಕ್ಕೆ ಚಕ್ರದಂತೆ ಉರುಳುವ ಕಾರ್ಟ್‌ವೀಲ್. ಹೊಟ್ಟೆಯನ್ನು ಬಿಲ್ಲಿನಂತೆ ಬಗ್ಗಿಸುವ, ಹಿಂದಕ್ಕೆ ಹಾಕುವ ಲಾಗವನ್ನು ಕಟ್ಟಕಡೆಗೆ ಮುಟ್ಟಿದೆ, ಅದೂ ಬೆನ್ನಿಗೆ ಒಬ್ಬರ ಕೈ ಇಟ್ಟುಕೊಂಡು.