ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಮೀನಿನ ಟ್ಯಾಂಕ್ ತೊಳೆಯಬೇಡಿ

ಮನೆಯಲ್ಲಿ ಬಾವಿ ನೀರು ಇದ್ದು, ಟ್ಯಾಂಕಿನಲ್ಲಿ ಸಣ್ಣ ಮೀನು ಸಾಕುವವರು ದಯವಿಟ್ಟು ಇದನ್ನು ಓದಿ. ಕಳೆದ ಮಳೆಗಾಲದಲ್ಲಿ ನನ್ನ 14 ನಿಯಾನ್ ಟೆಟ್ರಾಗಳಲ್ಲಿ 11 ಸತ್ತುಹೋದವು. ನನ್ನದೇ ತಪ್ಪು.

ನಮ್ಮ ಮನೆ ಬದಿಯಡ್ಕದ ಹತ್ತಿರ. ಮುರಕಲ್ಲಿನ ಬಾವಿಯ ನೀರು ಗಡಸಲ್ಲ, ನಿಯಾನ್‌ಗೆ ಅಂಥ ನೀರೇ ಇಷ್ಟ. ಎಂಟು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಒಂದು ಭಾನುವಾರ ನೆಂಟರು ಬರುವವರಿದ್ದರು. ಟ್ಯಾಂಕ್ ಫಳಫಳ ಹೊಳೆಯಲಿ ಎಂದು ನೀರನ್ನೆಲ್ಲ ತೆಗೆದೆ, ಕಲ್ಲು ಉಜ್ಜಿದೆ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿದೆ. ಬಾವಿ ನೀರು ತುಂಬಿಸಿ ಮೀನು ಬಿಟ್ಟೆ.

ಸಂಜೆಗೆ ಎಲ್ಲವೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಬೆಳಿಗ್ಗೆ ನೋಡಿದರೆ ಬಣ್ಣವೇ ಇಲ್ಲ. ಕತ್ತಲಲ್ಲಿ ನಿಯಾನ್ ಮಂಕಾಗುವುದು ಸಹಜ, ಲೈಟ್ ಹಾಕಿ ಸ್ವಲ್ಪ ಹೊತ್ತಾದರೆ ನೀಲಿ ಗೆರೆ ಮರಳಿ ಬರುತ್ತದೆ. ಅಂದು ಬರಲಿಲ್ಲ. ಮಧ್ಯಾಹ್ನದೊಳಗೆ ಏಳು ಮೀನು ಹೋದವು.

ಆಗ ಅಮ್ಮ ಹೇಳಿದರು: "ಶುಕ್ರವಾರ ಆಶಾದವರು ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಲ್ವಾ, ನಿನಗೆ ಹೇಳಲು ಮರೆತೇಹೋಯ್ತು."

ಪೌಡರ್ ಹಾಕುವುದು ಬೇಕೇ ಬೇಕು, ಮಳೆಗಾಲದಲ್ಲಿ ಕಾಯಿಲೆ ತಡೆಯುವುದೇ ಅದು. ಆದರೆ ಅದರ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಪೇಟೆ ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ ಅಂತ ಗೊತ್ತಿತ್ತು. ನಮ್ಮ ಬಾವಿಯಲ್ಲೂ ಇರಬಹುದು ಅಂತ ಹೊಳೆಯಲೇ ಇಲ್ಲ.

ಅಂಗಡಿಗೆ ಓಡಿ ಆಂಟಿ ಕ್ಲೋರಿನ್ ತಂದು ಹಾಕಿದೆ. ಸಾವು ನಿಂತಿತು. ಬದುಕಿಕೊಂಡವು ಎಂದುಕೊಂಡರೆ, ಮೂರನೇ ದಿನ ಮತ್ತೆ ಶುರು. ನೀರು ಕನ್ನಡಿ ಹಾಗಿತ್ತು. ನೀರು ಪರೀಕ್ಷಿಸುವ ಕಿಟ್ ತಂದು ಅಮೋನಿಯಾ ಇದೆಯಾ ಎಂದು ನೋಡಿದೆ. ಹಳದಿಯಾಗಿಯೇ ಉಳಿಯಬೇಕಾದ ನೀರು ಹಸಿರಾಯಿತು, ಅಂದರೆ ಅಮೋನಿಯಾ ಇತ್ತು. ಮೀನಿನ ಹೇಲು, ಉಳಿದ ತಿಂಡಿಯಿಂದ ಬರುವ ಅಮೋನಿಯಾವನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಂಜಿನಲ್ಲಿ, ಕಲ್ಲಿನಲ್ಲಿ. ನಾನು ಕೊಳೆ ಎಂದು ತೊಳೆದು ಚೆಲ್ಲಿದ್ದು ಅದನ್ನೇ. ಅವು ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಇನ್ನೂ ನಾಲ್ಕು ಸತ್ತವು.

ಹಾಗಾಗಿ ಯಾವತ್ತೂ ಪೂರ್ತಿ ನೀರು ತೆಗೆಯಬೇಡಿ. ವಾರಕ್ಕೆ ಕಾಲು ಭಾಗ ಬದಲಿಸಿದರೆ ಸಾಕು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಹಳೇ ನೀರಲ್ಲೇ ಮೆಲ್ಲಗೆ ಹಿಂಡಿ. ಹೊಸ ನೀರನ್ನು ಬಕೆಟಿನಲ್ಲಿ ತೆರೆದು ಒಂದು ದಿನ ಇಡಿ, ಆಂಟಿ ಕ್ಲೋರಿನ್ ಕೂಡ ಹಾಕಿ. ಮುಖ್ಯವಾಗಿ, ಬಾವಿಗೆ ಯಾವಾಗ ಪೌಡರ್ ಹಾಕಿದ್ದು ಎಂದು ಮನೆಯವರನ್ನು ಕೇಳಿ.

ಉಳಿದ ಮೂರು ಈಗ ಗಿಡದ ಹಿಂದಿನಿಂದ ಹೊರಗೆ ಬರುವುದೇ ಕಡಿಮೆ. ಕನಿಷ್ಠ ಆರಾದರೂ ಜೊತೆಗಿದ್ದರೆ ಮಾತ್ರ ಅವುಗಳಿಗೆ ಧೈರ್ಯ. ಜೊತೆ ತರಬೇಕು ಅಂತ ಮಗಳು ದಿನಾ ಕೇಳುತ್ತಾಳೆ. ಕಿಟ್‌ನಲ್ಲಿ ಎರಡು ವಾರ ಅಮೋನಿಯಾ ಸೊನ್ನೆ ಬರಲಿ, ಆಮೇಲೆ ಹೋಗೋಣ ಎಂದಿದ್ದೇನೆ.