ಬೀಲ್ ಎಸ್ಕೇಪರ್: ಒಂದೇ ಹಗ್ಗ ಉಳಿದ ದಿನಕ್ಕೆ

ಫ್ರಾನ್ಸಿನ ಬೀಲ್ ಕಂಪನಿಯ ಎಸ್ಕೇಪರ್ ಎಂಬ ಪರ್ವತಾರೋಹಣ ಸಾಧನ 90 ಗ್ರಾಂ ತೂಗುತ್ತದೆ, ಎರಡು ಬನ್ಸ್‌ಗಿಂತ ಹಗುರ. ಒಂದೇ ಹಗ್ಗದಲ್ಲಿ ಅದರ ಪೂರ್ತಿ ಉದ್ದ ಇಳಿದು, ಕೆಳಗಿನಿಂದ ಜಗ್ಗಿ ಹಗ್ಗವನ್ನೂ ಸಾಧನವನ್ನೂ ಬಿಡಿಸಿಕೊಳ್ಳಬಹುದು. ಮಂಗಳೂರು, ಉಡುಪಿಯ ಸ್ಪೋರ್ಟ್ಸ್ ಅಂಗಡಿಗಳಲ್ಲಿ ಕೇಳಿ ಪ್ರಯೋಜನವಿಲ್ಲ, ತರಿಸಿಕೊಳ್ಳಬೇಕು. ಆಲ್ಪ್ಸ್‌ಗೆ ಹೊರಟವರು ಬ್ಯಾಗಿಗೆ ಹಾಕಿಕೊಳ್ಳಬೇಕೇ? ಹಾಕಿಕೊಳ್ಳಿ. ಆದರೆ ಯಾವಾಗಲೂ ಬಳಸುವುದಕ್ಕಲ್ಲ, ಎರಡರಲ್ಲಿ ಒಂದು ಹಗ್ಗ ಕಡಿದ ದಿನಕ್ಕೆ.

ತೆಂಗಿನ ಓಲೆಯಲ್ಲಿ ಹೆಣೆದ, ಬೆರಳು ಕಚ್ಚಿ ಹಿಡಿಯುವ ಹಾವಿನ ಆಟಿಕೆ ಆಡಿದವರಿಗೆ ಇದರ ಕೆಲಸ ಬಿಡಿಸಿ ಹೇಳಬೇಕಾಗಿಲ್ಲ. ನೇಯ್ದ ಕೊಳವೆಯೊಳಗೆ ಒಂದು ಬಾಲ, ಅದು ಮೇಲಿನ ಆಂಕರ್ ಎಂಬ ಆಧಾರದ ಉಂಗುರದಲ್ಲಿ ಹಾಯ್ದು ಬಂದಿರುತ್ತದೆ. ಇಳಿಯುವ ಹಗ್ಗ ಸಾಧನದ ಇನ್ನೊಂದು ತುದಿಗೆ. ಭಾರ ಬಿದ್ದಾಗ ನೇಯ್ಗೆ ಬಿಗಿಯಾಗಿ ಬಾಲವನ್ನು ಹಿಡಿಯುತ್ತದೆ. ಭಾರ ಪೂರ್ತಿ ತೆಗೆದಾಗ ಇಲಾಸ್ಟಿಕ್ ಬಾಲವನ್ನು ಸ್ವಲ್ಪ ಜಾರಿಸುತ್ತದೆ. ಹೀಗೆ ಜಗ್ಗಿ-ಬಿಟ್ಟು, ಜಗ್ಗಿ-ಬಿಟ್ಟು ಮಾಡಿದರೆ ಸಾಮಾನ್ಯವಾಗಿ 8ರಿಂದ 20 ಸಲದೊಳಗೆ ಬಾಲ ಹೊರಬಂದು ಎಲ್ಲವೂ ಕೆಳಗೆ ಬೀಳುತ್ತದೆ. 7.3ರಿಂದ 10 ಮಿ.ಮೀ. ದಪ್ಪದ ಹಗ್ಗಕ್ಕೆ ಮಾತ್ರ ಇದು ಹೊಂದುತ್ತದೆ.

ಇದರ ಗುಣವೂ ಅಪಾಯವೂ ಒಂದೇ ಕಡೆ ಇವೆ. ಇಳಿಯುವವರು ನಡುವೆ ಜಗಲಿಯಂಥ ಚಾಚಿನ ಮೇಲೆ ನಿಂತು ಹಗ್ಗದಿಂದ ಭಾರ ತೆಗೆದರೆ, ಮತ್ತೆ ತೂಗಿದರೆ, ಅದೂ ಒಂದು ಜಗ್ಗು ಎಂದೇ ಲೆಕ್ಕ. ಆದ್ದರಿಂದ ಆರಂಭದಿಂದ ಕೊನೆಯವರೆಗೆ ಹಗ್ಗದ ಮೇಲೆ ಸುಮಾರು 10 ಕಿಲೋ ಭಾರವಾದರೂ ಇರಲೇಬೇಕು. ಚಾಚಿನಲ್ಲಿ ಆರಾಮವಾಗಿ ನಿಂತು ಗ್ಲೌಸ್ ಬದಲಾಯಿಸುವ ಅಭ್ಯಾಸ ಇರುವವರು ಈ ಸಾಧನದ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಈಗ ಇದನ್ನು ಸ್ವಿಟ್ಜರ್ಲೆಂಡಿನ ಪರ್ವತ ಐಗರ್‌ನ ಉತ್ತರ ಮುಖಕ್ಕೆ ಒಯ್ದು ನೋಡೋಣ. ಶಿಖರ 3,967 ಮೀಟರ್, ಮುಖದ ಎತ್ತರ ಸುಮಾರು 1,800 ಮೀಟರ್. 1938ರ ಜುಲೈಯಲ್ಲಿ ಹೆಕ್‌ಮೈರ್, ಫೋರ್ಗ್, ಹಾರರ್, ಕಾಸ್ಪರೆಕ್ ಹತ್ತಿದ ದಾರಿಯನ್ನೇ ಈಗಲೂ ಹೆಚ್ಚಿನವರು ಹಿಡಿಯುತ್ತಾರೆ. ಅದು ನೆಟ್ಟಗೆ ಮೇಲೇರುವುದಿಲ್ಲ, ಅಡ್ಡಡ್ಡ ಹಾಯುತ್ತ ಹೋಗುತ್ತದೆ. ತಪ್ಪಿಸಿಕೊಳ್ಳುವ ದಾರಿಯ ಕಷ್ಟವೆಲ್ಲ ಅಲ್ಲೇ ಇದೆ. ಹಗ್ಗ ನೆಟ್ಟಗೆ ಕೆಳಗೆ ಇಳಿಯುತ್ತದೆ, ಬಂದ ದಾರಿ ಪಕ್ಕಕ್ಕೆ ಇರುತ್ತದೆ.

ಕೆಳಗಿನ ಭಾಗದಲ್ಲಿ, ಅಂದರೆ ಡಿಫಿಕಲ್ಟ್ ಕ್ರ್ಯಾಕ್ ಎಂಬ ಕಠಿಣ ಬಿರುಕಿನ ತನಕ, ಇಳಿದು ಬರುವುದು ಹೆಚ್ಚಿನ ತಂಡಗಳ ಕೈಯಲ್ಲಿದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಕಡೆ ಸ್ಟೋಲನ್‌ಲೋಖ್ ಇದೆ. ಯುಂಗ್‌ಫ್ರಾವ್ ರೈಲಿನ ಸುರಂಗ ಕೊರೆಯುವಾಗ ಮಾಡಿದ ಕಿಂಡಿ ಅದು. ಬಾಗಿಲು ದಾಟಿದರೆ ಸುರಂಗ. ಒಳಗೆ ರೈಲು ಓಡಾಡುತ್ತದೆ, ಹಳಿಯ ಮೇಲೆ ಅಡ್ಡಾಡುವ ಜಾಗವಲ್ಲ. ಹಿಂಟರ್‌ಸ್ಟೊಯ್ಸರ್ ಟ್ರಾವರ್ಸ್ ಎಂಬ ಅಡ್ಡಹಾಯುವ ಜಾಗ ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. 1936ರಲ್ಲಿ ಅಲ್ಲಿ ನಾಲ್ವರು ದಾಟಿ ಹಗ್ಗ ಎಳೆದುಕೊಂಡರು, ವಾಪಸು ಬರುವಾಗ ಮಂಜು ಕಟ್ಟಿದ ಬಂಡೆಯಲ್ಲಿ ಅಡ್ಡ ಹಾಯಲು ಆಗಲಿಲ್ಲ. ಕೊನೆಗೆ ಉಳಿದ ಟೋನಿ ಕುರ್ಟ್ಸ್, ಇದೇ ಕಿಂಡಿಯಿಂದ ಬಂದ ರಕ್ಷಕರಿಗಿಂತ ಕೆಲವೇ ಮೀಟರ್ ಮೇಲೆ, ಎರಡು ಹಗ್ಗ ಸೇರಿಸಿದ ಗಂಟು ಕ್ಯಾರಾಬಿನರ್ ಎಂಬ ಲೋಹದ ಕೊಂಡಿಯಲ್ಲಿ ಸಿಕ್ಕಿ ಅಲ್ಲಿಯೇ ತೀರಿಕೊಂಡರು. ಈಗ ಟ್ರಾವರ್ಸ್‌ನಲ್ಲಿ ಕಟ್ಟಿದ ಹಗ್ಗಗಳಿರುತ್ತವೆ. ಬಿಸಿಲಿಗೆ, ಕಲ್ಲಿಗೆ ಎಷ್ಟು ಸವೆದಿವೆ ಎಂದು ನೋಡದೆ ಅವುಗಳಿಗೆ ತೂಗಬಾರದು. ಇನ್ನೂ ಮೇಲೆ, ವೈಟ್ ಸ್ಪೈಡರ್ ಎಂಬ ಮಂಜಿನ ಹಾಸು ತಲುಪಿದವರಿಗೆ ಹೆಚ್ಚಾಗಿ ಮೇಲಿನ ದಾರಿಯೇ ಹೊರದಾರಿ: ಶಿಖರ, ಅಲ್ಲಿಂದ ಪಶ್ಚಿಮ ಇಳಿಜಾರು. ರಕ್ಷಣಾ ಹೆಲಿಕಾಪ್ಟರ್ ಸೇವೆ ರೇಗಾದ ಸಂಖ್ಯೆ 1414. ಮೋಡ, ಗಾಳಿ ಇದ್ದರೆ ಅದೂ ಬಾರದು.

ಹೀಗಿರುವಾಗ ಎಸ್ಕೇಪರ್ ಎಲ್ಲಿ ಬೇಕಾಗುತ್ತದೆ? ಇಂಥ ಮುಖಕ್ಕೆ ಹೋಗುವವರ ಬಳಿ ಸಾಮಾನ್ಯವಾಗಿ 60 ಮೀಟರಿನ ಎರಡು ಹಾಫ್ ರೋಪ್, ಅಂದರೆ ಜೋಡಿಯಾಗಿ ಬಳಸುವ ತೆಳು ಹಗ್ಗ, ಇರುತ್ತವೆ. ಎರಡನ್ನೂ ಸೇರಿಸಿದರೆ 60 ಮೀಟರ್ ಇಳಿಯುವುದಕ್ಕೆ ಇಂಥ ಯಾವ ಸಾಧನವೂ ಬೇಡ. ಕಲ್ಲು ಬಿದ್ದು ಒಂದು ಹಗ್ಗ ಕಡಿದ ಮೇಲೆ ಉಳಿದ ಹಗ್ಗವನ್ನು, ಕೆಳಗಿನಿಂದ ಎಳೆದುಕೊಳ್ಳಲಾಗುವಂತೆ ಮಡಚಿದರೆ, 30 ಮೀಟರ್ ಮಾತ್ರ ಸಿಗುತ್ತದೆ. 300 ಮೀಟರ್ ಇಳಿಯಲು ಐದರ ಬದಲು ಹತ್ತು ಆಂಕರ್, ಹತ್ತು ಪಿಟಾನ್ ಮೊಳೆ ಅಥವಾ ಬಿರುಕಿಗೆ ಸಿಕ್ಕಿಸುವ ನಟ್, ಅಷ್ಟೇ ಸ್ಲಿಂಗ್ ಪಟ್ಟಿ. ಅಷ್ಟು ಸಾಮಾನು ಯಾರ ಬಳಿಯೂ ಇರದು. ಎಸ್ಕೇಪರಿನ ಜಾಗ ಇದು. ಇದೇ ಕೆಲಸಕ್ಕೆ 6 ಮಿ.ಮೀ.ನ ಎಳೆಯುವ ಹಗ್ಗ ಒಯ್ದರೆ 60 ಮೀಟರಿಗೆ ಒಂದು ಕಿಲೋಗಿಂತ ಹೆಚ್ಚು, ಗಾಳಿಗೆ ಅದು ಗೋಜಲಾಗುವುದು ಬೇರೆ.

ಎಲ್ಲಿ ಕೈಕೊಡುತ್ತದೆ ಎಂದರೆ, ಬಾವಿಯ ರಾಟೆ ತಪ್ಪಿ ಹಗ್ಗ ಕಟ್ಟೆಗೆ ಉಜ್ಜಿದಾಗ ಕೊಡಪಾನ ಹೇಗೆ ಮೇಲೆ ಬರದೋ ಹಾಗೆ. ಹಗ್ಗ ಒಂದು ಅಂಚಿಗೆ ಉಜ್ಜಿದರೂ ಕೆಳಗೆ ಜಗ್ಗಿದ್ದು ಮೇಲೆ ತಲುಪುವುದಿಲ್ಲ. ಹಿಗ್ಗುವಿಕೆ ಇನ್ನೊಂದು. ಹಾಫ್ ರೋಪ್ 80 ಕಿಲೋ ಭಾರಕ್ಕೆ ಶೇ. 12ರವರೆಗೂ ಹಿಗ್ಗಲು ಯುರೋಪಿನ ಗುಣಮಟ್ಟದ ನಿಯಮ ಇಎನ್ 892 ಬಿಡುತ್ತದೆ, 50 ಮೀಟರಿಗೆ ಆರು ಮೀಟರ್. ಕೈಯಲ್ಲಿ ಜಗ್ಗಿದರೆ ಹಿಗ್ಗೇ ಎಲ್ಲವನ್ನೂ ನುಂಗುತ್ತದೆ. ಹಗ್ಗಕ್ಕೆ ಪ್ರೂಸಿಕ್, ಅಂದರೆ ಭಾರ ಬಿದ್ದಾಗ ಹಗ್ಗವನ್ನು ಕಚ್ಚುವ ಗಂಟು, ಹಾಕಿ, ಹಾರ್ನೆಸ್‌ಗೆ ಕಟ್ಟಿ, ಕೂತು ಏಳಬೇಕು. ಏಳುವಾಗ ಪೂರ್ತಿ ಬಿಡಬೇಕು, ಅರ್ಧಂಬರ್ಧ ಬಿಟ್ಟರೆ ಬಾಲ ಜಾರುವುದಿಲ್ಲ. ನೆನೆದು ಹೆಪ್ಪುಗಟ್ಟಿದ ಹಗ್ಗದ ಸ್ವಂತ ತೂಕವೇ ಇಲಾಸ್ಟಿಕ್‌ಗೆ ಹೆಚ್ಚಾಗಬಹುದು. ಇಳಿಜಾರು ಬಂಡೆ, ಮಂಜಿನ ಮೈದಾನ, ಅಡ್ಡ ಹಾಯುವ ದಾರಿ, ಈ ಮೂರರಲ್ಲಿ ಇದನ್ನು ತೆಗೆಯಲೇಬೇಡಿ. ಐಗರ್‌ನ ಅರ್ಧ ಭಾಗ ಈ ಮೂರರಲ್ಲೇ ಸೇರಿಹೋಗುತ್ತದೆ!

ಬಳಸುವ ಕ್ರಮದಲ್ಲಿ ಒಂದು ವಿಷಯ ಬಿಡುವಂತಿಲ್ಲ. ಬಾಲವನ್ನು ಉಂಗುರ ಅಥವಾ ಕ್ವಿಕ್‌ಲಿಂಕ್‌ನ ನಯವಾದ ಲೋಹದ ಮೂಲಕ ಹಾಯಿಸಿ, ಒರಟು ಕಲ್ಲಿನ ಅಂಚಿಗಾಗಲಿ ಗಂಟು ಇರುವ ಸ್ಲಿಂಗ್‌ಗಾಗಲಿ ಬೇಡ. ಮೊದಲು ಇಳಿಯುವವರಿಗೆ ಹಗ್ಗವನ್ನು ಆಂಕರ್‌ಗೆ ಸಡಿಲವಾಗಿ ಕಟ್ಟಿದ ಎರಡನೆಯ ಆಸರೆ ಇರಲಿ. ಬಾಲ ಜಾರಿಲ್ಲ ಎಂದು ಕಣ್ಣಾರೆ ನೋಡಿದ ಮೇಲೆ ಕೊನೆಯವರು ಅದನ್ನು ಬಿಚ್ಚಿ ಇಳಿಯಲಿ. ಹಗ್ಗದ ತುದಿಗೆ ಗಂಟು, ಕೈಕೆಳಗೆ ಪ್ರೂಸಿಕ್. ಹಗ್ಗ ಬೀಳುವಾಗ ಪಕ್ಕಕ್ಕೆ ನಿಲ್ಲಿ, ಕಲ್ಲೂ ಜೊತೆಗೆ ಬರುತ್ತದೆ.

ಇನ್ನು ಮಲ್ಪೆ, ಮಂಗಳೂರು ಬಂದರಿನ ಹಗ್ಗದ ಅಂಗಡಿಗಳ ವಿಷಯ. ಹಗ್ಗ ಅಲ್ಲಿ ಅಗ್ಗ, ಕೇಳಿದಷ್ಟು ಉದ್ದ ಕತ್ತರಿಸಿ ಕೊಡುತ್ತಾರೆ, ಹಾಗಾಗಿ ಪ್ರೂಸಿಕ್‌ಗೂ ಸಾಕೆಂದು ತರುವವರಿದ್ದಾರೆ. ಬೇಡ. ದೋಣಿಯ ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುವುದು ಮೀನುಗಾರರಿಗೆ ಅನುಕೂಲ. ಆದರೆ ಅದು 165 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗುತ್ತದೆ, ನೈಲಾನ್ ಸುಮಾರು 220ರ ತನಕ ತಡೆಯುತ್ತದೆ. ಹಗ್ಗದ ಮೇಲೆ ಜಾರುವ ಗಂಟಿನ ಬಿಸಿಗೆ ಈ ಅಂತರವೇ ಮುಖ್ಯ. ಡೈನೀಮಾ ಎಂಬ ನಾರು ಇನ್ನೂ ಬೇಗ, 150ರೊಳಗೇ ಕರಗುತ್ತದೆ, ಪ್ರೂಸಿಕ್‌ಗೆ ಅದೂ ಬೇಡ. ಕೊಳ್ಳಬೇಕಾದದ್ದು ಇಎನ್ 564 ಗುರುತಿನ 6 ಮಿ.ಮೀ. ನೈಲಾನ್ ಕಾರ್ಡ್, ಕನಿಷ್ಠ 7.2 ಕಿಲೋನ್ಯೂಟನ್ ಬಲದ್ದು. ಪ್ರೂಸಿಕ್‌ಗೆ ಒಂದೂವರೆ ಮೀಟರಿನ ಎರಡು ತುಂಡು, ಆಂಕರ್‌ಗೆ ಬಿಟ್ಟುಬರಲು ಎಂಟ್ಹತ್ತು ಮೀಟರ್. ಮಂಜುಗಡ್ಡೆಯಲ್ಲಿ 22 ಸೆಂ.ಮೀ. ಐಸ್ ಸ್ಕ್ರೂನಿಂದ ಎರಡು ತೂತು ಕೊರೆದು ಒಳಗೆ ಕೂಡುವಂತೆ ಮಾಡಿ ಅದೇ ಕಾರ್ಡ್ ಪೋಣಿಸಿದರೆ ಅಬಲಕೋವ್ ಆಂಕರ್, ಬಿಟ್ಟುಬರುವುದು ಕಾರ್ಡ್ ಒಂದೇ. ಎಸ್ಕೇಪರಿನ ಮೊದಲು ಈ ಕಾರ್ಡ್ ಕೊಳ್ಳಿ.

ಅಭ್ಯಾಸಕ್ಕೆ ನಮ್ಮ ಮುರಕಲ್ಲಿನ ಕೋರೆ ಒಗ್ಗದು, ಅಂಚು ಪುಡಿಯಾಗುತ್ತದೆ. ಹಲಸಿನ ಮರದ ದಪ್ಪ ಕೊಂಬೆಗೆ ಸ್ಲಿಂಗ್, ಉಂಗುರ ಕಟ್ಟಿ, ನೆಲದಿಂದ ಕಾಲು ಒಂದಡಿ ಮಾತ್ರ ಮೇಲಿರುವಂತೆ ತೂಗಿ, ಎಷ್ಟನೆಯ ಜಗ್ಗಿಗೆ ಬಿಡುತ್ತದೆ ಎಂದು ಹತ್ತು ಸಲ ಎಣಿಸಿ. ನಂತರ ಹಗ್ಗ ನೆನೆಸಿ ಮತ್ತೆ ಎಣಿಸಿ. ಎರಡು ಎಣಿಕೆಗಳ ನಡುವಿನ ವ್ಯತ್ಯಾಸ ಕಂಪನಿಯ ಕಾಗದದಲ್ಲಿ ಸಿಗದು.

ಆಟಿ ತಿಂಗಳ ಮಳೆಯಲ್ಲಿ ಗೋಣಿಯಂತೆ ಒದ್ದೆಯಾಗುವ ಊರಿನಲ್ಲಿ ಇದನ್ನು ಕಪಾಟಿನ ಮೂಲೆಗೆ ತುರುಕಬೇಡಿ. ಸಮುದ್ರದ ಗಾಳಿ ತಗಲಿದ್ದರೆ ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬ್ಯಾಟರಿ ಆಸಿಡ್ ಸೋಂಕಬಹುದಾದ ಕಾರಿನ ಡಿಕ್ಕಿಯಿಂದ ದೂರ ಇಡಿ. ಇಲಾಸ್ಟಿಕ್ ಸಡಿಲವಾಗಿದ್ದರೆ ಅಥವಾ ಬಾಲದ ನೂಲು ಎದ್ದಿದ್ದರೆ ಆ ಎಸ್ಕೇಪರ್ ಬಟ್ಟೆ ಒಣಗಿಸಲು ಸಾಕು.